ಕನ್ನಡಿಯಿಂದ ಕಣ್ಣಿನವರೆಗೆ: ಸೂಕ್ಷ್ಮದರ್ಶಕದ ಭಾಗಗಳನ್ನು ನಾನು ಕಲಿಸುವ ಬಗೆ

ಒಂಬತ್ತನೇ ತರಗತಿಯಲ್ಲಿ ಜೀವಕೋಶದ ಪಾಠ ಬಂತೆಂದರೆ ಜೊತೆಗೇ ಸೂಕ್ಷ್ಮದರ್ಶಕದ ಚಿತ್ರವೂ ಬರುತ್ತದೆ. ನೇತ್ರ ಮಸೂರ, ಕೊಳವೆ, ವಸ್ತು ಮಸೂರ, ವೇದಿಕೆ, ಕನ್ನಡಿ, ಬುಡ ಎಂದು ಗೆರೆ ಎಳೆದು ಹೆಸರು ಬರೆದ ಚಿತ್ರ. ಮಕ್ಕಳು ಅದನ್ನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡುತ್ತಾರೆ, ಅಂಕವೂ ಸಿಗುತ್ತದೆ. ಅದೇ ಮಗುವನ್ನು ಉಪಕರಣದ ಮುಂದೆ ನಿಲ್ಲಿಸಿ, "ಏನೂ ಕಾಣ್ತಿಲ್ಲ, ಯಾಕೆ ಅಂತ ನೋಡು" ಅಂದರೆ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯುವುದಿಲ್ಲ. ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ನಾನು ಈಗ ಚಿತ್ರವನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ. ಮೊದಲು ಬೆಳಕು ಯಾವ ದಾರಿಯಲ್ಲಿ ಬಂದು ಕಣ್ಣು ಸೇರುತ್ತದೆ ಎಂದು ನೋಡುತ್ತೇವೆ. ಆ ದಾರಿಯಲ್ಲಿ ಯಾವ ಭಾಗ ಎದುರಾಗುತ್ತದೋ ಅದಕ್ಕೆ ಅಲ್ಲೇ ಹೆಸರು.

ಪೆಟ್ಟಿಗೆಯಿಂದ ತೆಗೆಯುವಾಗ ಒಂದು ಕೈ ತೋಳಿಗೆ, ಇನ್ನೊಂದು ಕೈ ಬುಡದ ಕೆಳಗೆ. ತೋಳು ಮತ್ತು ಬುಡದ ಪಾಠ ಅಷ್ಟಕ್ಕೇ ಮುಗಿಯಿತು. ಕಿಟಕಿ ಪಕ್ಕದ ಮೇಜಿನ ಮೇಲಿಟ್ಟು ಐಪೀಸನ್ನು, ಅಂದರೆ ನೇತ್ರ ಮಸೂರವನ್ನು, ಮೆಲ್ಲಗೆ ಮೇಲಕ್ಕೆಳೆದು ತೆಗೆದಿಡುತ್ತೇನೆ. ಅದು ಮಕ್ಕಳಿಗೆ ಅಚ್ಚರಿ. ನೋಡಬೇಕಾದ ಮಸೂರವನ್ನೇ ತೆಗೆದರೆ ಏನು ನೋಡುವುದು? ಬರಿಯ ಕೊಳವೆಯೊಳಗೆ ಇಣುಕಿದರೆ ತಳದಲ್ಲಿ ಬೆಳಕಿನ ಒಂದು ಪುಟ್ಟ ಬಿಲ್ಲೆ ಕಾಣುತ್ತದೆ. ಕನ್ನಡಿಯನ್ನು ಒಂಚೂರು ಓರೆ ಮಾಡಿದರೆ ಬಿಲ್ಲೆ ಅರ್ಧ ಕಪ್ಪಾಗುತ್ತದೆ, ಸರಿಮಾಡಿದರೆ ತುಂಬಿಕೊಳ್ಳುತ್ತದೆ. ಗಮನವಿಟ್ಟರೆ ಆ ಬಿಲ್ಲೆಯೊಳಗೇ ನಮ್ಮ ಕಿಟಕಿಯ ಸರಳು, ಅದರಾಚೆಯ ಅಡಿಕೆ ಮರದ ತಲೆ, ಎಲ್ಲ ಸಾಸಿವೆಯಷ್ಟಾಗಿ ಕಾಣುತ್ತವೆ. "ಮಿಸ್, ಹೊರಗಿನ ಮರ ಒಳಗಿದೆ!" ಎಂದು ಯಾರಾದರೂ ಕೂಗಿದ ಕೂಡಲೇ ಕನ್ನಡಿಯ ಕೆಲಸ ಇಡೀ ತರಗತಿಗೆ ಅರ್ಥವಾದಂತೆ. ವೇದಿಕೆಯ ಕೆಳಗೆ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಡಯಾಫ್ರಂನ ಕಡ್ಡಿ ಸರಿಸಿದರೆ ಬಿಲ್ಲೆ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬರುತ್ತದೆ. ಇದನ್ನು ಕಣ್ಣಾರೆ ಕಂಡ ಮಗು ಡಯಾಫ್ರಂ ಎಲ್ಲಿದೆ, ಏನು ಮಾಡುತ್ತದೆ ಎಂದು ಮರೆತದ್ದನ್ನು ನಾನು ನೋಡಿಲ್ಲ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿಬಿಡುತ್ತೇನೆ: ಕನ್ನಡಿಯನ್ನು ಎಂದಿಗೂ ನೇರ ಸೂರ್ಯನತ್ತ ತಿರುಗಿಸಬಾರದು. ಕಣ್ಣು ಹೋದೀತು. ಬಿಳಿ ಆಕಾಶದ ಬೆಳಕು ಸಾಕು. ಕನ್ನಡಿಗೆ ಎರಡು ಮುಖ, ಒಂದು ಸಮತಟ್ಟು, ಒಂದು ತಗ್ಗು. ವೇದಿಕೆಯ ಕೆಳಗೆ ಬೆಳಕು ಒಟ್ಟುಗೂಡಿಸುವ ಮಸೂರ, ಅಂದರೆ ಕಂಡೆನ್ಸರ್, ಇದ್ದರೆ ಸಮತಟ್ಟಾದದ್ದು, ಇಲ್ಲದಿದ್ದರೆ ತಗ್ಗಾದದ್ದು. ಕಂಡೆನ್ಸರ್ ಹಾಕಿದಾಗ ಕೆಲವೊಮ್ಮೆ ಸ್ಲೈಡಿನ ಚಿತ್ರದ ಮೇಲೇ ಕಿಟಕಿಯ ಸರಳು ಅಡ್ಡ ಬೀಳುತ್ತದೆ. ಕಂಡೆನ್ಸರನ್ನು ಒಂದಿಷ್ಟು ಇಳಿಸಿದರೆ ಅದು ಕರಗುತ್ತದೆ.

ನಮ್ಮ ಸೀಮೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಆಕಾಶದ ಬೆಳಕನ್ನು ನಂಬುವಂತಿಲ್ಲ, ಕರೆಂಟನ್ನಂತೂ ಕೇಳುವುದೇ ಬೇಡ. ಆಗ ನನ್ನ ನೆರವಿಗೆ ಬಂದವನು ರಾಬರ್ಟ್ ಹುಕ್. 1665ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ಮೈಕ್ರೊಗ್ರಾಫಿಯಾ'ದಲ್ಲಿ ಬೆಂಡಿನ ಕೋಶಗಳ ಚಿತ್ರ ಕೊಟ್ಟವನು ಎಂದಷ್ಟೇ ಪಾಠದಲ್ಲಿ ಓದುತ್ತೇವೆ. ಆದರೆ ಅವನು ಬೆಳಕಿಗೆ ಏನು ಮಾಡಿಕೊಂಡಿದ್ದ ಎಂಬುದು ನನಗೆ ಹೆಚ್ಚು ಇಷ್ಟದ ವಿಷಯ. ಎಣ್ಣೆ ದೀಪದ ಮುಂದೆ ನೀರು ತುಂಬಿದ ಗಾಜಿನ ಗೋಳ ಇಟ್ಟು, ಅದರಿಂದ ಒಟ್ಟುಗೂಡಿದ ಬೆಳಕನ್ನು ವಸ್ತುವಿನ ಮೇಲೆ ಬೀಳಿಸುತ್ತಿದ್ದ. ನಮ್ಮ ಪ್ರಯೋಗಾಲಯದಲ್ಲಿ ದುಂಡು ತಳದ ಫ್ಲಾಸ್ಕ್ ಇದೆ, ನೀರಿಗೆ ಬರವಿಲ್ಲ. ಸ್ಟ್ಯಾಂಡಿಗೆ ಫ್ಲಾಸ್ಕ್ ಸಿಕ್ಕಿಸಿ, ಹಿಂದೆ ಟಾರ್ಚ್ ಹಿಡಿದು, ಗುಡ್ಡೆಯಾದ ಬೆಳಕು ಕನ್ನಡಿಗೆ ಬೀಳುವಂತೆ ಇಟ್ಟರೆ ಮೋಡ ಕವಿದ ದಿನವೂ ಪಾಠ ನಿಲ್ಲುವುದಿಲ್ಲ. ಮೇಲಾಗಿ ಕಂಡೆನ್ಸರ್ ಎಂದರೆ ಏನೆಂದು ಬೇರೆ ಹೇಳಬೇಕಾಗುವುದಿಲ್ಲ. ಅದು ಮಾಡುವುದು ಈ ಫ್ಲಾಸ್ಕ್ ಮಾಡಿದ ಕೆಲಸವನ್ನೇ. ಪಾಠ ಮುಗಿದ ಮೇಲೆ ಫ್ಲಾಸ್ಕಿನ ನೀರು ಚೆಲ್ಲಿಯೇ ಹೊರಡಬೇಕು. ಬಿಸಿಲಿಗೆ ಬಿಟ್ಟರೆ ಅದೇ ಗಾಜು ಕಾಗದಕ್ಕೆ ಕಿಡಿ ಹಚ್ಚಬಲ್ಲದು.

ಈಗ ಐಪೀಸನ್ನು ಮತ್ತೆ ಕೂರಿಸುತ್ತೇವೆ. ಮೊದಲ ಸ್ಲೈಡ್ ಈರುಳ್ಳಿಯದಲ್ಲ, ದಿನಪತ್ರಿಕೆಯದು. ಸಣ್ಣ ಅಕ್ಷರದ ಸುದ್ದಿಯಿಂದ ಒಂದು 'ಗ' ಕತ್ತರಿಸಿ, ನೀರಿನ ಹನಿಯಲ್ಲಿಟ್ಟು ಕವರ್ ಸ್ಲಿಪ್ ಎಂಬ ತೆಳು ಗಾಜನ್ನು ಮುಚ್ಚುತ್ತೇವೆ. 10 ಎಕ್ಸ್ ಆಬ್ಜೆಕ್ಟಿವ್‌ನಲ್ಲಿ (ಹತ್ತು ಪಟ್ಟು ದೊಡ್ಡದು ಮಾಡುವ ವಸ್ತು ಮಸೂರದಲ್ಲಿ) ಕಾಗದದ ನಾರುಗಳು, ಅವುಗಳ ನಡುವೆ ಚೆದುರಿದ ಮಸಿ, ದಪ್ಪದೊಂದು ಕಮಾನು. ತಲೆಕಟ್ಟು ಎಲ್ಲಿ? ಕೆಳಗೆ. ಬಲಕ್ಕೆ ಏರಬೇಕಾದ ಅದರ ತುದಿ ಎಡಕ್ಕೆ ಇಳಿದಿರುತ್ತದೆ. ಸ್ಲೈಡನ್ನು ಬಲಕ್ಕೆ ತಳ್ಳಿದರೆ ಅಕ್ಷರ ಎಡಕ್ಕೆ ಓಡುತ್ತದೆ. ಬೆರಳಿಗೆ ಈ ಎದುರು ನಡೆ ಅಭ್ಯಾಸವಾಗುವವರೆಗೂ 'ಗ'ವನ್ನೇ ಆಡಿಸಲು ಬಿಡುತ್ತೇನೆ. ಇಲ್ಲಿ ಅವಸರ ಮಾಡಿದರೆ ಮುಂದೆ ಈರುಳ್ಳಿ ಪೊರೆಯನ್ನು ಹುಡುಕುವುದರಲ್ಲೇ ಪೀರಿಯಡ್ ಮುಗಿಯುತ್ತದೆ.

ಫೋಕಸ್ ಮಾಡುವ ಎರಡು ತಿರುಪುಗಳಿಗೆ ನನ್ನದು ಒಂದೇ ಕಟ್ಟಳೆ. ದಪ್ಪ ತಿರುಪಿನಿಂದ ಕೊಳವೆ ಇಳಿಸುವಾಗ ಕಣ್ಣು ಪಕ್ಕದಲ್ಲಿರಬೇಕು, ಐಪೀಸಿನ ಮೇಲಲ್ಲ. ಆಬ್ಜೆಕ್ಟಿವ್ ಸ್ಲೈಡಿನ ಹತ್ತಿರ ಬಂದ ಮೇಲೆ ಐಪೀಸಿಗೆ ಕಣ್ಣಿಟ್ಟು ಮೇಲಕ್ಕೆ ಮಾತ್ರ ಎತ್ತುತ್ತಾ ಬರಬೇಕು. ಸಣ್ಣ ತಿರುಪಿಗೆ ದಾಸವಾಳದ ಪರಾಗಕ್ಕಿಂತ ಒಳ್ಳೆಯ ಗುರು ಸಿಕ್ಕಿಲ್ಲ. ಶಾಲೆಯ ಬೇಲಿಯಲ್ಲೇ ಹೂವಿದೆ. ಕೇಸರದಿಂದ ಒಂದಿಷ್ಟು ಹಳದಿ ಪುಡಿಯನ್ನು ಸ್ಲೈಡಿಗೆ ತಟ್ಟಿದರೆ ಸಾಕು. ಮೈತುಂಬ ಮುಳ್ಳಿರುವ ಗುಂಡು ಕಾಳುಗಳು. ಸಣ್ಣ ತಿರುಪನ್ನು ಒಂದು ಕೂದಲೆಳೆ ತಿರುಗಿಸಿದರೆ ನೆತ್ತಿಯ ಮುಳ್ಳುಗಳು ಚುಕ್ಕೆಗಳಾಗಿ ಸ್ಪಷ್ಟವಾಗುತ್ತವೆ, ಸುತ್ತಲ ಅಂಚು ಮಸುಕು. ಇನ್ನಷ್ಟು ತಿರುಗಿಸಿದರೆ ನೆತ್ತಿ ಮಸುಕಾಗಿ ಅಂಚಿನ ಮುಳ್ಳುಗಳು ಚೂಪಾಗಿ ನಿಲ್ಲುತ್ತವೆ. ಒಂದು ಸಲಕ್ಕೆ ಒಂದೇ ಮಟ್ಟ ಕಾಣುತ್ತದೆ, ಕಾಳಿನ ಎತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಲು ಆ ತಿರುಪು ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ.

"ಕಾಣ್ತಾ?" ಎಂದು ನಾನು ಕೇಳುವುದಿಲ್ಲ. ಕೇಳಿದರೆ ಎಲ್ಲರೂ "ಕಾಣ್ತು ಮಿಸ್" ಅನ್ನುತ್ತಾರೆ. ಕಂಡದ್ದು ತಮ್ಮದೇ ರೆಪ್ಪೆಯ ಕೂದಲಿರಬಹುದು, ದಪ್ಪ ಕಪ್ಪಂಚಿನ ಗಾಳಿಗುಳ್ಳೆ ಇರಬಹುದು. ಅದಕ್ಕೇ ನೋಡಿದ್ದನ್ನು ಬರೆದು ತೋರಿಸು ಎನ್ನುತ್ತೇನೆ. ಕಸದ ಚುಕ್ಕೆ ಬರೆದವರಿಗೆ ಬೈಗುಳವಿಲ್ಲ, ಪತ್ತೆದಾರಿ ಕೆಲಸ. ಸ್ಲೈಡ್ ಸರಿಸಿದಾಗ ಚುಕ್ಕೆಯೂ ಸರಿದರೆ ಕಸ ಸ್ಲೈಡಿನಲ್ಲಿದೆ. ಐಪೀಸನ್ನು ಬೆರಳಿನಿಂದ ತಿರುಗಿಸಿದಾಗ ಚುಕ್ಕೆಯೂ ಸುತ್ತಿದರೆ ಐಪೀಸಿನಲ್ಲಿದೆ. ಎರಡಕ್ಕೂ ಜಗ್ಗದಿದ್ದರೆ ಆಬ್ಜೆಕ್ಟಿವ್ ಅಥವಾ ಕಂಡೆನ್ಸರ್ ನೋಡಬೇಕು. ಭಾಗಗಳ ಹೆಸರು ನಾಲಿಗೆಗೆ ಬರುವುದು ಈ ಹುಡುಕಾಟದಲ್ಲೇ.

ಈರುಳ್ಳಿ ಪೊರೆಗೆ ಸಫ್ರನಿನ್ ಎಂಬ ಕೆಂಪು ಬಣ್ಣ ಹಾಕುವ ಮೊದಲು ಬಣ್ಣವಿಲ್ಲದೆಯೇ ಒಮ್ಮೆ ನೋಡಿಸುತ್ತೇನೆ. ಡಯಾಫ್ರಂ ಪೂರ್ತಿ ತೆರೆದಾಗ ಬರೀ ಬೆಳ್ಳಗೆ. ಅರ್ಧ ಮುಚ್ಚಿದರೆ ಕೋಶಭಿತ್ತಿಗಳು ಒಂದೊಂದಾಗಿ ಮೂಡುತ್ತವೆ. ಆಮೇಲೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲನ್ನೇ ವೇದಿಕೆಯ ಮೇಲಿಟ್ಟು ನೋಟದ ಅಗಲ ಅಳೆಯುತ್ತೇವೆ. 10 ಎಕ್ಸ್ ಐಪೀಸ್, 10 ಎಕ್ಸ್ ಆಬ್ಜೆಕ್ಟಿವ್ ಸೇರಿ 100 ಪಟ್ಟು. ಆಗ ನಮ್ಮ ಉಪಕರಣದಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ಕಾಣುತ್ತದೆ. ಅಷ್ಟರಲ್ಲಿ ಉದ್ದಕ್ಕೆ ಐದು ಕೋಶ ಹಿಡಿಸಿದರೆ ಒಂದೊಂದು 0.3 ಮಿಲಿಮೀಟರ್. 45 ಎಕ್ಸ್‌ಗೆ ತಿರುಗಿಸಿದಾಗ ಅದೇ ನೋಟ 0.33 ಮಿಲಿಮೀಟರಿಗೆ ಇಳಿದು, ಒಂದೇ ಕೋಶ ಕಣ್ತುಂಬ. ಬೆಳಕೂ ಕಡಿಮೆಯಾಗುತ್ತದೆ, ಮಕ್ಕಳ ಕೈ ತಾನಾಗಿ ಡಯಾಫ್ರಂ ಕಡ್ಡಿಗೆ ಹೋಗುತ್ತದೆ.

ಉಪಕರಣ ಕಾಯುವುದೂ ಪಾಠದ ಭಾಗವೇ. ಮಲೆನಾಡಿನ ಮಳೆಗಾಲ ಮಸೂರಕ್ಕೆ ಶತ್ರು, ಗಾಜಿನ ಮೇಲೆ ಬೂಷ್ಟು ಬಲೆ ಕಟ್ಟುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಇಟ್ಟು ಆಗಾಗ ಒಣಗಿಸುತ್ತೇವೆ. ಮಸೂರ ಒರೆಸಲು ಚೆನ್ನಾಗಿ ಒಗೆದ ಹಳೆಯ ಮೆತ್ತನೆ ಹತ್ತಿ ಬಟ್ಟೆ. ಸೀಮೆಸುಣ್ಣದ ಕೈ ಮುಟ್ಟಬಾರದು. ಆಬ್ಜೆಕ್ಟಿವ್ ಕೆಟ್ಟರೆ ಇಡೀ ಸೂಕ್ಷ್ಮದರ್ಶಕವನ್ನು ಮೂಲೆಗೆ ಹಾಕುವ ಶಾಲೆಗಳಿವೆ, ನನಗೆ ಅದು ಸಂಕಟ. ಶಾಲೆಗಳಲ್ಲಿರುವ ಸಾಮಾನ್ಯ ಮಾದರಿಗಳಲ್ಲಿ ಆಬ್ಜೆಕ್ಟಿವ್ ತಿರುಪಿನ ಸುತ್ತು ಒಂದೇ ಅಳತೆಯದು, ಐಪೀಸ್ ಕೂರುವ ಕೊಳವೆಯ ವ್ಯಾಸ 23.2 ಮಿಲಿಮೀಟರ್. ಕೆಟ್ಟದ್ದೊಂದನ್ನೇ ತರಿಸಿ ಹಾಕಬಹುದು.

ಕೊನೆಗೆ ನಡೆಸುವ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಇರುವುದಿಲ್ಲ. ಮಕ್ಕಳನ್ನು ಹೊರಗೆ ಕಳುಹಿಸಿ ಉಪಕರಣದ ಏನಾದರೊಂದನ್ನು ಕೆಡಿಸಿಡುತ್ತೇನೆ: ಕನ್ನಡಿಯನ್ನು ಓರೆ ಮಾಡುವುದು, ಆಬ್ಜೆಕ್ಟಿವ್ 'ಟಕ್' ಎಂದು ಕೂರದಂತೆ ನಡುವೆ ನಿಲ್ಲಿಸುವುದು, ಹೀಗೆ. ಬಂದು ಹುಡುಕಿ, ಭಾಗದ ಹೆಸರು ಹೇಳಿ, ಸರಿಮಾಡಬೇಕು. ಹೋದ ವರ್ಷ ಸ್ಲೈಡನ್ನೇ ಬೋರಲಾಗಿ ಇಟ್ಟಿದ್ದೆ. 10 ಎಕ್ಸ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, 45 ಎಕ್ಸ್‌ನಲ್ಲಿ ಏನು ಮಾಡಿದರೂ ಫೋಕಸ್ ಬರುವುದಿಲ್ಲ. ಒಬ್ಬ ಹುಡುಗಿ ಕನ್ನಡಿ, ಡಯಾಫ್ರಂ, ತಿರುಪು ಎಲ್ಲ ಪರೀಕ್ಷಿಸಿ, ಬಗ್ಗಿ ಪಕ್ಕದಿಂದ ನೋಡಿ ಹೇಳಿದಳು: "ಮಿಸ್, ದಪ್ಪ ಗಾಜು ಮೇಲಿದೆ. ಲೆನ್ಸು ಅದಕ್ಕೆ ತಾಗ್ತಿದೆ, ಈರುಳ್ಳಿ ಹತ್ರ ಹೋಗೋಕೇ ಆಗ್ತಿಲ್ಲ." ಸ್ಲೈಡಿನ ಗಾಜು ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪ, ಕವರ್ ಸ್ಲಿಪ್ ಅದರ ಆರನೇ ಒಂದು ಪಾಲಿನಷ್ಟು. 45 ಎಕ್ಸ್ ಆಬ್ಜೆಕ್ಟಿವ್‌ಗೆ ಬೇಕಾದ ಅಂತರ ಅರ್ಧ ಮಿಲಿಮೀಟರಿನ ಆಸುಪಾಸು. ಈ ಲೆಕ್ಕವನ್ನು ನಾನು ಹಲಗೆಯ ಮೇಲೆ ಬರೆದದ್ದು ಅವಳು ಸ್ಲೈಡ್ ತಿರುಗಿಸಿಟ್ಟು ಫೋಕಸ್ ಮಾಡಿದ ಮೇಲೆ. ಪಾಠಪುಸ್ತಕದ ಚಿತ್ರವನ್ನು ತೆರೆಸಿದ್ದೂ ಆಗಲೇ.