ಬ್ಯಾಟರಿ ಸರಿ ಇತ್ತು, ಅರ್ಥಿಂಗ್ ಕೈಕೊಟ್ಟಿತ್ತು

ನನ್ನ ಹಳೇ ಡೀಸೆಲ್ ಪಿಕಪ್ ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ಕೀ ತಿರುಗಿಸಿದರೆ ಒಂದೇ ಒಂದು 'ಟಕ್', ಅಷ್ಟೇ. ಕೆಲವೊಮ್ಮೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಇಂಥ ಹೊತ್ತಲ್ಲಿ ಎಲ್ಲರೂ ಹೇಳೋದು 'ಬ್ಯಾಟರಿ ಬದಲಾಯಿಸಿ' ಅಂತಲೇ. ನಾನು ಮೊದಲು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತೆಗೆದುಕೊಂಡೆ.

ಅದಕ್ಕೂ ಮುಂಚೆ ಶಬ್ದ ಕೇಳಬೇಕು. ಟಕಟಕ ಅಂತ ಬಿಡದೆ ಬಡಿದರೆ ಸಾಮಾನ್ಯವಾಗಿ ಬ್ಯಾಟರಿ ಇಳಿದಿರುತ್ತದೆ, ಇಲ್ಲವೇ ಟರ್ಮಿನಲ್ ಸಡಿಲ. ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರ್) ಜೋರಾಗಿ ತಿರುಗಿಯೂ ಇಂಜಿನ್ ಹಿಡಿಯದಿದ್ದರೆ ಡೀಸೆಲ್ ಲೈನಿಗೆ ಗಾಳಿ ಹೊಕ್ಕಿರಬಹುದು, ಇಂಜಿನ್ನಿನ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್ ಹೋಗಿರಬಹುದು. ಒಂದೇ ಟಕ್ ಅಂದರೆ ಸೊಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಕೊಡುವ ವಿದ್ಯುತ್ಕಾಂತದ ಸ್ವಿಚ್) ಎಳೆದಿದೆ, ಆದರೆ ಸೆಲ್ಫ್ ಮೋಟರ್ ತಿರುಗುತ್ತಿಲ್ಲ.

ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಎಳೆದೆ. ಸುಮ್ನೆ ನಿಂತಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ಚಾರ್ಜ್ ಪೂರ್ತಿ ಇದೆ. ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿದೆ. ಟಕ್ ಅಂದಾಗಲೂ ವೋಲ್ಟೇಜ್ 12ರ ಹತ್ತಿರವೇ ನಿಂತಿತು. ಸುಳಿವು ಸಿಕ್ಕಿದ್ದೇ ಇಲ್ಲಿ. ಮೋಟರ್ ಜಾಮ್ ಆಗಿದ್ದರೆ ಅದು ಸಿಕ್ಕಾಪಟ್ಟೆ ಕರೆಂಟ್ ಎಳೆದು ವೋಲ್ಟೇಜ್ ಚೆನ್ನಾಗಿ ಬೀಳಬೇಕಿತ್ತು ಅಲ್ವಾ? ಬೀಳಲಿಲ್ಲ. ಅಂದರೆ ದಾರಿಯಲ್ಲೆಲ್ಲೋ ತಡೆ ಇದೆ.

ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಹಿಡಿದೆ. ಕ್ಲ್ಯಾಂಪಿಗಲ್ಲ, ಕಂಬಕ್ಕೇ ಹಿಡಿಯಬೇಕು. ಇಲ್ಲದಿದ್ದರೆ ಕ್ಲ್ಯಾಂಪಿನ ದೋಷ ತಪ್ಪಿಸಿಕೊಳ್ಳುತ್ತದೆ. ದಾರಿ ಸರಿ ಇದ್ದರೆ ಕೀ ತಿರುಗಿಸಿದಾಗ ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಬರಬೇಕು. ಬಂದದ್ದು ಹಲವು ವೋಲ್ಟ್. ಅದೇ ಕಡ್ಡಿಯನ್ನು ಇಂಜಿನ್ನಿನಿಂದ ಚಾಸಿಸ್‌ಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ಸರಿಸಿದೆ, ಹೆಚ್ಚುಕಡಿಮೆ ಸೊನ್ನೆ. ತೊಂದರೆ ಇದ್ದದ್ದು ಚಾಸಿಸ್ಸಿನಿಂದ ಇಂಜಿನ್ನಿಗೆ ಹೋಗುವ ಅರ್ಥಿಂಗ್ ಪಟ್ಟಿಯಲ್ಲಿ, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿಯಲ್ಲಿ.

ಖಾತ್ರಿಗೆ ಜಂಪರ್ ಕೇಬಲ್ ತಂದು ನೆಗೆಟಿವ್‌ನಿಂದ ನೇರ ಇಂಜಿನ್ನಿಗೆ ಕೊಟ್ಟೆ. ಸೆಲ್ಫ್ ಗಿರ್ರನೆ ತಿರುಗಿತು!

ನೆಗೆಟಿವ್ ಟರ್ಮಿನಲ್ ಕಳಚಿಟ್ಟು ಪಟ್ಟಿ ಬಿಚ್ಚಿದೆ. ಮೇಲೆ ಎಣ್ಣೆ, ಮಣ್ಣು. ಹೆಣೆದ ತಾಮ್ರದ ಎಳೆಗಳು ಬೋಲ್ಟಿನ ಬಳಿ ಹಸಿರು ಪುಡಿಯಾಗಿದ್ದವು, ಬೆರಳಲ್ಲಿ ಒತ್ತಿದರೆ ಉದುರುತ್ತಿದ್ದವು. ಹೆಡ್‌ಲೈಟ್ ಉರಿಸಲು ಬೇಕಾದ ಕರೆಂಟ್ ಅಲ್ಪ, ಹಾಗಾಗಿ ಲೈಟ್ ನೋಡಿ ಅರ್ಥಿಂಗ್ ಸರಿ ಇದೆ ಅನ್ನೋದು ತಪ್ಪು. ಸೆಲ್ಫ್‌ಗೆ ನೂರಾರು ಆಂಪಿಯರ್ ಬೇಕು.

ಹೊಸ ದಪ್ಪ ಪಟ್ಟಿ ಹಾಕುವ ಮೊದಲು ಎರಡೂ ಕಡೆ ಪೇಂಟ್, ತುಕ್ಕು ಉಜ್ಜಿ ಲೋಹ ಹೊಳೆಯುವಂತೆ ಮಾಡಿದೆ. ಬೋಲ್ಟ್ ಬಿಗಿ ಮಾಡಿದ ಮೇಲೆ ನೀರು ತಾಗದಂತೆ ಗ್ರೀಸ್ ಸವರಿದೆ. ಮತ್ತೆ ಅಳೆದಾಗ ಮೀಟರ್ 0.2 ವೋಲ್ಟ್ ದಾಟಲಿಲ್ಲ.