ಬಡಗಿ ಅಂಟು ಎಬ್ಬಿಸಿದ ಸಿಮ್ಲಾ ಬೀಟ್

ಕೊಳೆ ತೆಗೆಯಲು ಎಲ್‌ಪಿಗೆ, ಅಂದರೆ ದೊಡ್ಡ ಗ್ರಾಮಫೋನ್ ಪ್ಲೇಟಿಗೆ, ಬಡಗಿಗಳ ಬಿಳಿ ಅಂಟು ಬಳಿದು ಒಣಗಿಸಿ ಕೀಳುತ್ತೇನೆ ಅಂದಾಗ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಇರೋದೇ ಒಂದು ಪ್ಲೇಟು, ಅದನ್ನೂ ಕೊಂದ್‌ಬಿಡ್ತೀರಾ ಸಾರ್’ ಅಂದರು. ಹೋದ ಭಾನುವಾರ ಅವರನ್ನೇ ಕೂರಿಸಿಕೊಂಡು ಎರಡೂ ಸೈಡ್ ಕೇಳಿಸಿದೆ.

ಪ್ಲೇಟು ‘ಸಿಮ್ಲಾ ಬೀಟ್ 70’. ಸಂಡೇ ಬಜಾರಿನಲ್ಲಿ ಸಿಕ್ಕಿದ್ದು, ಕವರ್ ಇಲ್ಲ, ಮೈತುಂಬ ಬೂಷ್ಟು. ಚೌಕಾಸಿ ಮಾಡಿ ಸುಮಾರು 1,400ಕ್ಕೆ ತಂದೆ. ಸಿಗರೇಟು ಕಂಪನಿ ನಡೆಸಿದ ಬೀಟ್ ಸ್ಪರ್ಧೆಯ ರಾಕ್ ತಂಡಗಳು ಅದರಲ್ಲಿವೆ: ಶಿಲ್ಲಾಂಗಿನ ಫೆಂಟೋನ್ಸ್, ಮದ್ರಾಸಿನ ಕನ್‌ಫ್ಯೂಷನ್ಸ್. ಬೆಂಗಳೂರಿನಲ್ಲಿ ಟ್ರೋಜನ್ಸ್ ಅನ್ನೋ ತಂಡ ಕಟ್ಟಿದ್ದ ನಮ್ಮ ಸಂಗೀತಗಾರ ಬಿದ್ದು ಅಪ್ಪಯ್ಯ ಲಂಡನ್ನಿಗೆ ಹೋಗಿ 1974ರಲ್ಲಿ ಕಾರ್ಲ್ ಡಗ್ಲಸ್‌ನಿಂದ ‘ಕುಂಗ್ ಫೂ ಫೈಟಿಂಗ್’ ಹಾಡಿಸಿದರು. ಪ್ಲೇಟಿನ ಹಿಂಬದಿ ತುಂಬಿಸಲು, ಬಿ ಸೈಡಿಗೆಂದು, ರೆಕಾರ್ಡಿಂಗಿನ ಕೊನೇ ಹತ್ತು ನಿಮಿಷದಲ್ಲಿ ಮುಗಿಸಿದ ಆ ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ. ಇಲ್ಲೇ ಉಳಿದ ಹುಡುಗರ ಗಿಟಾರ್ ಕೇಳಬೇಕಾದರೆ ಇಂಥ ಪ್ಲೇಟೇ ಗತಿ.

ಮೊದಲು ಸೋಪಿನ ನೀರಲ್ಲಿ ಮೂರು ಸಲ ತೊಳೆದೆ. ಚರಪರ ಸದ್ದು ಹಾಗೇ ಇತ್ತು. ಅಂಟಿನ ಪ್ರಯೋಗಕ್ಕೆ ಹತ್ತು ರೂಪಾಯಿಯ ಹಾಳು ಪ್ಲೇಟುಗಳನ್ನು ತಂದೆ. ಮೊದಲನೆಯದಕ್ಕೆ ತೆಳ್ಳಗೆ ಬಳಿದು ಕೆಟ್ಟೆ. ಅಂಟು ಚೂರುಚೂರಾಗಿ ಕಿತ್ತು, ಉಳಿದದ್ದನ್ನು ಟೇಪ್ ಒತ್ತಿ ತೆಗೆಯಲು ಒಂದೂವರೆ ಗಂಟೆ ಹಿಡಿಯಿತು. ಎರಡನೆಯದರಲ್ಲಿ ಅಂಟು ನಡುವಿನ ಲೇಬಲ್ಲಿನ ಮೇಲೇ ಹರಿಯಿತು. ಆರನೆಯದರ ಹೊತ್ತಿಗೆ ಕೈ ಕುದುರಿತು. ಒಂದು ಕೆಜಿ ಡಬ್ಬಿ, ಮುನ್ನೂರರ ಆಸುಪಾಸು, ಐದಾರು ಎಲ್‌ಪಿಗೆ ಬರುತ್ತದೆ.

ದಪ್ಪಗೆ ಬಳಿಯಿರಿ, ಅಂಚಿನಲ್ಲಿ ಕೂದಲೆಳೆಯಷ್ಟು ಜಾಗ ಬಿಡಿ. ಒಣಗಲು ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಎರಡು. ಬಿಳುಪು ಪೂರ್ತಿ ಹೋಗಿ ಗಾಜಿನಂತಾಗುವ ತನಕ ಮುಟ್ಟಬೇಡಿ. ಆಮೇಲೆ ಅಂಚಿಂದ ಎತ್ತಿದರೆ ಹಾವಿನ ಪೊರೆ ಕಳಚಿದ ಹಾಗೆ ಇಡಿಯಾಗಿ ಬರುತ್ತದೆ. ಬೆಳಕಿಗೆ ಹಿಡಿದು ನೋಡಿ: ಹಾಡಿನ ಗೆರೆಗಳೆಲ್ಲ ಅದರ ಮೇಲೆ, ನಡುನಡುವೆ ಐವತ್ತು ವರ್ಷದ ಕರಿ ಕೊಳೆ. ಅಂಟಿಗೆ ಇನ್ನೇನು ಬೆರೆಸುತ್ತೇನೆ, ಕಿತ್ತ ಮೇಲೆ ಧೂಳು ಹತ್ತದ ಹಾಗೆ ಏನು ಮಾಡುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ಪ್ಲೇಟಿಗೆ ಮಾತ್ರ ಈ ಕೆಲಸ ಬೇಡ. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಲು ಹೋಗಿ ಒಂದರ ಮೈಯನ್ನೇ ಕರಗಿಸಿಕೊಂಡಿದ್ದೇನೆ, ಇವತ್ತಿಗೂ ಸಂಕಟ. ಒಂದೇ ಚಾನೆಲ್ಲಿನ ಚಿಕ್ಕ ಪ್ಲೇಟುಗಳಾದ ಮೋನೋ ಇಪಿಗಳಿಗೆ ಇನ್ನೊಂದು ದಾರಿ ಹಿಡಿದೆ: ಸ್ಟೀರಿಯೋ ಕಾರ್ಟ್ರಿಡ್ಜಿನಲ್ಲೇ, ಅಂದರೆ ಮುಳ್ಳು ಕೂರುವ ತಲೆಯಲ್ಲೇ, ನುಡಿಸಿ ಎಡ ಬಲ ಎರಡೂ ಚಾನೆಲ್ ಕೂಡಿಸಿದರೆ ಚರಪರ ಎಷ್ಟೋ ತಾನೇ ಅಡಗುತ್ತದೆ.

ಆ ಭಾನುವಾರ ಫೆಂಟೋನ್ಸ್ ಶುರುವಾದಾಗ ಕೊಂದ್‌ಬಿಡ್ತೀರಾ ಅಂದವರೇ ಎದ್ದು ವಾಲ್ಯೂಮ್ ಏರಿಸಿದರು. ಹೋಗುವಾಗ ತಮ್ಮ ನಾಲ್ಕು ಇಪಿ ನನ್ನ ಮೇಜಿನ ಮೇಲೆ ಬಿಟ್ಟು ಹೋಗಿದ್ದಾರೆ.