ಕೀಮೋ ನಂತರದ ಜ್ವರ: ಅಂಕ ಹಾಕುವ ಮುನ್ನ ನಾನು ಕೇಳುವ ಪ್ರಶ್ನೆಗಳು

ಕೀಮೋ ಪಡೆದು ಬಿಳಿ ರಕ್ತಕಣ ಇಳಿದವರಿಗೆ ಜ್ವರ ಬಂದಾಗ ಯಾರನ್ನು ದಾಖಲಿಸಿಕೊಳ್ಳಬೇಕು, ಯಾರನ್ನು ಮಾತ್ರೆ ಕೊಟ್ಟು ಮನೆಗೆ ಕಳುಹಿಸಬಹುದು ಎಂದು ಅಳೆಯಲು 'ಮ್ಯಾಸ್ಕ್' ಎಂಬ ಅಂಕಪಟ್ಟಿ ಇದೆ. 2000ದಲ್ಲಿ ಪ್ರಕಟವಾದದ್ದು. ಗರಿಷ್ಠ 26 ಅಂಕ. 21 ಅಥವಾ ಹೆಚ್ಚು ಬಂದರೆ ಅಪಾಯ ಕಡಿಮೆ. ಮೈಸೂರಿನಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡುವ ನಾನೂ ಅದನ್ನೇ ಬಳಸುತ್ತೇನೆ. ಮೊಬೈಲಿನಲ್ಲಿ ಒತ್ತಿದರೆ ಅರೆ ನಿಮಿಷದಲ್ಲಿ ಉತ್ತರ. ಆದರೆ ಅದು ಕೇಳುವುದಕ್ಕೆಲ್ಲ ಜ್ವರ ಬಂದ ರಾತ್ರಿ ಸರಿಯಾದ ಮಾಹಿತಿ ಸಿಗುವುದಿಲ್ಲ. ಹಾಗಾಗಿ ನನ್ನ ಲೆಕ್ಕ ಮೊದಲ ಕೀಮೋಗೆ ಮುಂಚೆಯೇ ಶುರುವಾಗುತ್ತದೆ.

ಮೊದಲು ಕೇಳುವುದು ಹೊಗೆಯ ಬಗ್ಗೆ. ಪಟ್ಟಿಯಲ್ಲಿ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ, ಇಲ್ಲದವರಿಗೆ 4 ಅಂಕ. ಬೀಡಿ ಸೇದುವ ಗಂಡಸರ ವಿಷಯದಲ್ಲಿ ನಮಗೆ ಅನುಮಾನ ತಾನಾಗಿಯೇ ಬರುತ್ತದೆ. ಮಂಡ್ಯದ ಹಳ್ಳಿಗಳಿಂದ ಬರುವ ಹೆಂಗಸರನ್ನು ಕೇಳಿದರೆ 'ಅಂಥ ಕಾಯಿಲೆ ಏನೂ ಇಲ್ಲ' ಎನ್ನುತ್ತಾರೆ. ಸೌದೆ ಒಲೆಯ ಮುಂದೆ ಎಷ್ಟು ವರ್ಷ ಕೂತಿರಿ, ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಉರಿಸಿದ್ದೀರಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ ಎಂದು ಕೇಳಿದಾಗ ಕಥೆ ಬೇರೆ. ಅಂಥವರಿಗೆ ಕೀಮೋಗೆ ಮುಂಚೆಯೇ ಸ್ಪೈರೋಮೆಟ್ರಿ, ಅಂದರೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ, ಮಾಡಿಸುತ್ತೇನೆ.

ಇದರಿಂದ ಏನು ವ್ಯತ್ಯಾಸ? ಐವತ್ತೆರಡು ವಯಸ್ಸಿನ, ಸ್ತನ ಕ್ಯಾನ್ಸರಿನ ಹೆಣ್ಣುಮಗಳೊಬ್ಬಳು ಕೀಮೋ ಆದ ಹತ್ತನೇ ದಿನ ಜ್ವರದಿಂದ ಬಂದಳು ಎನ್ನಿ. ರೋಗಲಕ್ಷಣಗಳ ತೀವ್ರತೆ ಮಧ್ಯಮ, ಅದಕ್ಕೆ 3. ರಕ್ತದೊತ್ತಡದ ಮೇಲಿನ ಅಂಕಿ 90ಕ್ಕಿಂತ ಹೆಚ್ಚಿದೆ, 5. ರಕ್ತದ ಕ್ಯಾನ್ಸರ್ ಅಲ್ಲ, ಗಡ್ಡೆಯ ಕ್ಯಾನ್ಸರ್, 4. ಡ್ರಿಪ್ ಬೇಕಾಗುವಷ್ಟು ನಿರ್ಜಲೀಕರಣವಿಲ್ಲ, 3. ಜ್ವರ ಶುರುವಾಗಿದ್ದು ಮನೆಯಲ್ಲಿ, 3. ಅರವತ್ತು ದಾಟಿಲ್ಲ, 2. ಸಿಒಪಿಡಿ ಇಲ್ಲವೆಂದು ಬರೆದರೆ ಒಟ್ಟು 24, ಮನೆಗೆ ಹೋಗಬಹುದು. ಇದೆ ಎಂದು ಗೊತ್ತಿದ್ದರೆ 20, ಹಾಸಿಗೆ ಬೇಕು. ಇಡೀ ನಿರ್ಧಾರ ಒಲೆಯ ಹೊಗೆಯ ಮೇಲೆ ನಿಂತಿದೆ.

21 ಅಥವಾ ಹೆಚ್ಚು ಬಂದು, ನೋಡಲು ಚೆನ್ನಾಗಿಯೇ ಇರುವ ಗಡ್ಡೆಯ ಕ್ಯಾನ್ಸರಿನವರಿಗೆ 'ಸಿಸ್ನೆ' ಪಟ್ಟಿಯನ್ನೂ ಹಾಕುತ್ತೇನೆ. ಅದರಲ್ಲಿ ಅಂಕ ಹೆಚ್ಚಾದರೆ ಅಪಾಯ ಹೆಚ್ಚು. 3 ಬಂದರೆ ಸಾಕು, ಅಪಾಯ ಹೆಚ್ಚೆಂದು ಲೆಕ್ಕ. ಬಾಯಿಹುಣ್ಣು, ಮೊನೊಸೈಟ್ ಎಂಬ ಬಿಳಿ ರಕ್ತಕಣ 200ಕ್ಕಿಂತ ಕಡಿಮೆ, ಹೃದಯದ ಕಾಯಿಲೆ, ಸಿಒಪಿಡಿ ತಲಾ 1. ಎದ್ದು ಓಡಾಡಿದರೂ ಯಾವ ಕೆಲಸವನ್ನೂ ಮಾಡಲಾಗದ ಅಥವಾ ಅದಕ್ಕಿಂತ ಕೆಟ್ಟ ಸ್ಥಿತಿ ಮತ್ತು ಏರಿದ ಸಕ್ಕರೆ ತಲಾ 2. ಸಕ್ಕರೆಯಲ್ಲಿ ಎಚ್ಚರ ಬೇಕು. ಮಧುಮೇಹಿಗಳಿಗೆ ಮತ್ತು ಸ್ಟೀರಾಯ್ಡ್ ಪಡೆದವರಿಗೆ ಗಡಿ 250, ಉಳಿದವರಿಗೆ 121.

ಎರಡೂ ಪಟ್ಟಿಗಳು ಕೇಳದ ಪ್ರಶ್ನೆ ದಾರಿಯದು. ಮನೆಯಲ್ಲೇ ಚಿಕಿತ್ಸೆ ಪಡೆಯುವವರು ಆಸ್ಪತ್ರೆಗೆ ಒಂದು ಗಂಟೆಯೊಳಗೆ ತಲುಪುವಂತಿರಬೇಕು ಎಂದು ಅಮೆರಿಕದ ಮಾರ್ಗಸೂಚಿ ಪ್ರತ್ಯೇಕವಾಗಿ ಹೇಳುತ್ತದೆ. ಕುವೆಂಪುನಗರದವರಿಗೆ ಅದು ಮಾತೇ ಅಲ್ಲ. ಕೆ.ಆರ್. ಪೇಟೆಯ ಆಚೆಯ ಹಳ್ಳಿಯಲ್ಲಿ ರಾತ್ರಿ ಹನ್ನೊಂದಕ್ಕೆ ಯಾರ ಕಾರು ಸಿಗುತ್ತದೆ, ಚಾಲಕ ಯಾರು ಎಂಬುದನ್ನು ಕಡತದಲ್ಲಿ ಬರೆದುಕೊಳ್ಳುತ್ತೇನೆ. ಉತ್ತರವಿಲ್ಲದಿದ್ದರೆ ಅಂಕ 26 ಇದ್ದರೂ ದಾಖಲಿಸುತ್ತೇನೆ. ಹಾಸಿಗೆ ವ್ಯರ್ಥವೆಂದು ಸಹೋದ್ಯೋಗಿಗಳು ಗೊಣಗುವುದುಂಟು, ಗೊಣಗಲಿ.

ಮನೆಯವರಿಗೆ ಹೇಳುವುದು ಇಷ್ಟೇ. ಹಣೆ ಮುಟ್ಟಿ ನೋಡಬೇಡಿ, ಥರ್ಮಾಮೀಟರ್ ಇಡಿ. ಒಮ್ಮೆ 101 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅಥವಾ 100.4 ಒಂದು ಗಂಟೆ ನಿಂತರೆ ಹೊರಡಿ. ಅಳೆಯುವ ಮೊದಲು ಪ್ಯಾರಸಿಟಮಾಲ್ ನುಂಗಿಸಬೇಡಿ, ಜ್ವರ ಅಡಗಿಬಿಡುತ್ತದೆ. ಕೀಮೋ ಆದ ಏಳರಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ರಕ್ತಕಣ ತೀರಾ ಇಳಿದಿರುವುದರಿಂದ ಆ ವಾರವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುತ್ತೇನೆ. ಬಂದ ಕೂಡಲೇ ರೋಗಾಣು ಪತ್ತೆಗೆ ರಕ್ತದ ಕಲ್ಚರ್ ತೆಗೆದು, ಒಂದು ಗಂಟೆಯೊಳಗೆ ಮೊದಲ ಆ್ಯಂಟಿಬಯಾಟಿಕ್. ಅಂಕಗಳ ಚರ್ಚೆ ಆಮೇಲೆ. ಮನೆಗೆ ಕಳುಹಿಸುವವರನ್ನೂ ಕನಿಷ್ಠ ನಾಲ್ಕು ಗಂಟೆ ಕೂರಿಸಿ ನೋಡುತ್ತೇವೆ.

ಒಮ್ಮೆ ಹೀಗಾದವರಿಗೆ ಮುಂದಿನ ಸುತ್ತಿನಲ್ಲೂ ಆಗುವ ಸಂಭವ ಹೆಚ್ಚು. ಗುಣಪಡಿಸುವ ಉದ್ದೇಶದ ಚಿಕಿತ್ಸೆಯಾದರೆ ಔಷಧಿ ಕಡಿಮೆ ಮಾಡುವ ಬದಲು ಬಿಳಿ ಕಣ ಏರಿಸುವ ಜಿ-ಸಿಎಸ್ಎಫ್ ಚುಚ್ಚುಮದ್ದು ಸೇರಿಸುತ್ತೇನೆ. ಅದನ್ನು ಕೀಮೋ ಮುಗಿದು ಇಪ್ಪತ್ನಾಲ್ಕು ಗಂಟೆಯಾದ ಮೇಲೆಯೇ ಕೊಡಬೇಕು, ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟಿರಬೇಕು. ಆದ್ದರಿಂದ ಊರಿನ ಹತ್ತಿರದ ಆಸ್ಪತ್ರೆಯ ನರ್ಸ್ ಜೊತೆ ಫೋನಿನಲ್ಲಿ ಮಾತಾಡಿ, ಅಲ್ಲಿ ಫ್ರಿಜ್ ಇದೆಯೇ ಎಂದು ಕೇಳಿದ ಮೇಲಷ್ಟೇ ಚೀಟಿ ಬರೆಯುತ್ತೇನೆ.